ಹೊಳೆಯ ಬಾಗಿನಿಂದ ಬಂದ ಕೌದಿಯ ಗುರುಗಳು

ಕೌದಿ ಹೊಲಿಯುವುದನ್ನು ಕಲಿಸುವುದಕ್ಕೆ ಒಬ್ಬ ಗುರು ಬೇಕೆಂದು ಯಾರಾದರೂ ಹೇಳಿದರೆ ನಮ್ಮ ಮನೆಗಳ ಹಿರಿಯರು ನಕ್ಕುಬಿಟ್ಟಾರು. ಹರಿದ ಸೀರೆ, ಸವೆದ ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ, ಒಂದು ದಪ್ಪ ಸೂಜಿ, ಮಧ್ಯಾಹ್ನದ ಸ್ವಲ್ಪ ಬಿಡುವು, ಇಷ್ಟಿದ್ದರೆ ಕೌದಿ ತಾನಾಗಿಯೇ ಆಗುತ್ತದೆಂಬುದು ನಮ್ಮವರ ತಿಳಿವಳಿಕೆ. ಉತ್ತರದ ಜಿಲ್ಲೆಗಳಲ್ಲಿ ಕೌದಿಯೆಂದೂ ಮೈಸೂರಿನ ಕಡೆ ಬೊಂತೆಯೆಂದೂ ಕರೆಯಿಸಿಕೊಳ್ಳುವ ಈ ಹೊದಿಕೆಯನ್ನು ತಾಯಿ ಹೊಲಿಯುತ್ತಿದ್ದಳು. ಮಗಳು ಸೂಜಿಗೆ ದಾರ ಪೋಣಿಸಿಕೊಡುತ್ತ ಕಲಿಯುತ್ತಿದ್ದಳು. ಅದಕ್ಕೆ ಪಾಠಶಾಲೆಯಿರಲಿಲ್ಲ, ಸಂಬಳವಿರಲಿಲ್ಲ. ಹೊಲಿದವಳ ಹೆಸರನ್ನು ಕೇಳುವವರೂ ಇರಲಿಲ್ಲ.

ಅಮೆರಿಕಾ ದೇಶದಲ್ಲಾದರೋ ಈ ವಿದ್ಯೆಯನ್ನೇ ಕಲಿಸುತ್ತ ಊರಿಂದೂರಿಗೆ ಸಂಚರಿಸುವ ಅಧ್ಯಾಪಿಕೆಯರ ಒಂದು ವರ್ಗವೇ ಇದೆ. ಟೆಕ್ಸಸ್ ಸಂಸ್ಥಾನದ ಹ್ಯೂಸ್ಟನ್ ನಗರದಲ್ಲಿ ವರ್ಷವರ್ಷವೂ ದೊಡ್ಡದೊಂದು ಕೌದಿಯ ಜಾತ್ರೆ ನೆರೆಯುತ್ತದೆ. ಇನ್ನುಳಿದ ದಿನಗಳಲ್ಲಿ ಈ ಅಧ್ಯಾಪಿಕೆಯರು ಎಲ್ಲೆಲ್ಲಿ ಕರೆ ಬಂದರೆ ಅಲ್ಲಲ್ಲಿಗೆ ಹೋಗಿ ಮೂರು ನಾಲ್ಕು ದಿವಸದ ವಾಸದ ಶಿಬಿರಗಳನ್ನು ನಡೆಸುತ್ತಾರೆ. ಆ ದೇಶದವರು ಇದಕ್ಕೆ ರಿಟ್ರೀಟ್ ಎಂದು ಹೆಸರಿಟ್ಟಿದ್ದಾರೆ. ಧ್ಯಾನಕ್ಕಾಗಿ ಏಕಾಂತಕ್ಕೆ ತೆರಳುವವರ ಮಾತು ಅದು. ಈಗ ಹೊಲಿಗೆಯವರ ಪಾಲಿಗೂ ಬಂದಿದೆ. ನಮ್ಮ ವಾನಪ್ರಸ್ಥವನ್ನು ನಾಲ್ಕು ದಿನಕ್ಕೆ ಇಳಿಸಿ ಕೈಗೊಂದು ಸೂಜಿ ಕೊಟ್ಟರೆ ಹೇಗೋ ಹಾಗೆನ್ನಬಹುದು.

ಕಾಡಿನ ಅಂಚಿನಲ್ಲಿಯೋ ಸರೋವರದ ದಡದಲ್ಲಿಯೋ ಒಂದು ವಿಶಾಲವಾದ ಬಿಡಾರ. ಹೆಂಗಸರು ತಮ್ಮ ತಮ್ಮ ಹೊಲಿಗೆಯ ಯಂತ್ರಗಳನ್ನು ಮೋಟಾರಿನಲ್ಲಿ ಹೇರಿಕೊಂಡು ಬರುತ್ತಾರೆ. ಉದ್ದನೆಯ ಮೇಜುಗಳು, ಎಲ್ಲರಿಗೂ ಸೇರಿ ಒಂದೆರಡು ಇಸ್ತ್ರಿಯ ಹಲಗೆಗಳು, ಗೋಡೆಗೆ ಬಿಗಿದ ಫ್ಲಾನೆಲ್ ಬಟ್ಟೆ. ಈ ಫ್ಲಾನೆಲ್ಲಿಗೆ ಬಟ್ಟೆಯ ತುಂಡುಗಳು ಗುಂಡುಸೂಜಿಯಿಲ್ಲದೆಯೇ ಅಂಟಿಕೊಂಡು ನಿಲ್ಲುವುದರಿಂದ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ, ಒಪ್ಪದಿದ್ದರೆ ತುಂಡನ್ನು ಕಿತ್ತು ಬೇರೆಡೆಗೆ ಇಡುವುದು ಸುಲಭ. ರಾತ್ರಿಯೂಟವಾದ ಮೇಲೆ ಅಧ್ಯಾಪಿಕೆ ತನ್ನ ಪೆಟ್ಟಿಗೆಯನ್ನು ತೆರೆದು, ತಾನು ಹೊಲಿದ ಕೌದಿಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಅವುಗಳ ಕಥೆಯನ್ನು ಹೇಳುತ್ತಾಳೆ. ಅಡಿಗೆಯನ್ನು ಬೇರೆಯವರು ಮಾಡಿ ಬಡಿಸುತ್ತಾರೆ. ಆ ದಿವಸಗಳ ಅರ್ಧ ಸುಖ ಇದರಲ್ಲಿಯೇ ಇದೆಯೆಂದು ಹೇಳಿದರೆ ನಮ್ಮ ಗೃಹಿಣಿಯರು ಆಕ್ಷೇಪಿಸಲಾರರು.

ಇಂತಹ ಅಧ್ಯಾಪಿಕೆಯರಲ್ಲಿ ಅಲಬಾಮ ಸಂಸ್ಥಾನದ ಜೀಸ್ ಬೆಂಡ್ ಎಂಬ ಹಳ್ಳಿಯಿಂದ ಬರತಕ್ಕವರ ಮಾತೇ ಬೇರೆ. ಅವರ ವಿದ್ಯೆಯನ್ನು ತಿಳಿಯಬೇಕಾದರೆ ಅವರ ಊರನ್ನು ಕಾಣಬೇಕು. ಬೆಂಡ್ ಎಂದರೆ ಬಾಗು. ಅಲಬಾಮ ನದಿ ಇಲ್ಲಿ ಕುದುರೆಯ ಲಾಳದಂತೆ ಬಾಗಿ ಊರನ್ನು ಮೂರು ಕಡೆಯಿಂದ ಸುತ್ತಿಕೊಂಡಿದೆ. ಎದುರು ದಡದ ಆಚೆ ಕ್ಯಾಮ್ಡೆನ್ ಎಂಬ ಜಿಲ್ಲಾ ಪಟ್ಟಣ. ಅಂಗಡಿ, ಕಚೇರಿ, ವೈದ್ಯರು ಎಲ್ಲವೂ ಆ ಕಡೆಗೆ. ನದಿಯನ್ನು ದಾಟಿದರೆ ಕಾಲು ಗಂಟೆಯ ದಾರಿ. ದೋಣಿಯಿಲ್ಲದಿದ್ದರೆ ಸುತ್ತಿಕೊಂಡು ಸುಮಾರು 40 ಮೈಲಿ. 2025ರಲ್ಲಿ ಸೇತುವೆಯಾಗುವವರೆಗೆ ಶರಾವತಿಯ ಹಿನ್ನೀರಿನ ದಡದಲ್ಲಿ ಲಾಂಚಿಗಾಗಿ ಕಾದು ನಿಂತಿದ್ದ ನಮ್ಮ ಸಾಗರದ ಸೀಮೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಕಾರದ ಕಾಗದಗಳಲ್ಲಿ ಊರಿಗೆ ಬಾಯ್ಕಿನ್ ಎಂದು ಹೆಸರು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

1816ರ ಸುಮಾರಿಗೆ ಜೋಸೆಫ್ ಜೀ ಎಂಬವನು ಇಲ್ಲಿ ಹತ್ತಿಯ ತೋಟವನ್ನು ಹಾಕಿದನು. 1845ರಲ್ಲಿ ಅದು ಮಾರ್ಕ್ ಪೆಟ್ವೇ ಎಂಬವನ ಕೈಗೆ ಬಂತು. ಅವನು ತನ್ನ ಸುಮಾರು ನೂರು ಮಂದಿ ಗುಲಾಮರನ್ನು ಉತ್ತರ ಕೆರೊಲಿನಾದಿಂದ ಇಲ್ಲಿಯವರೆಗೆ ಕಾಲ್ನಡೆಯಲ್ಲಿಯೇ ಕರೆತಂದನು. ಗುಲಾಮಗಿರಿ ಅಳಿದ ಮೇಲೂ ಅವರ ಮಕ್ಕಳು ಮೊಮ್ಮಕ್ಕಳು ಅದೇ ನೆಲದಲ್ಲಿ ಗೇಣಿಗೆ ಉಳುತ್ತ ಉಳಿದರು. ಇಂದಿಗೂ ಊರಿನ ಬಹು ಮನೆಗಳವರು ಪೆಟ್ವೇಗಳೇ. ಒಡೆಯನ ಹೆಸರೇ ಮನೆತನದ ಹೆಸರಾಗಿ ನಿಂತಿದೆ.

1932ರಲ್ಲಿ ಈ ಊರಿಗೆ ಬಂದ ಆಪತ್ತನ್ನು ಹೇಳದೆ ಮುಂದುವರಿಯಲಾಗದು. ಹತ್ತಿಯ ಬೆಲೆ ಕುಸಿದಿತ್ತು. ಕ್ಯಾಮ್ಡೆನ್ನಿನಲ್ಲಿ ಸಾಲ ಕೊಡುತ್ತಿದ್ದ ವರ್ತಕನೊಬ್ಬನು ಸತ್ತುಹೋಗಲು, ಅವನ ವಾರಸುದಾರರ ಕಡೆಯವರು ಬಂದು ಬಾಕಿಯ ಲೆಕ್ಕದಲ್ಲಿ ದನಕರು, ಕೋಳಿ, ನೇಗಿಲು, ಕಣಜದ ಜೋಳ, ಹೂತಿಟ್ಟ ಗೆಣಸು, ಸಿಕ್ಕಿದ್ದೆಲ್ಲವನ್ನೂ ಹೇರಿಕೊಂಡು ಹೋದರು. ಆ ಚಳಿಗಾಲವನ್ನು ಊರಿನವರು ರೆಡ್ ಕ್ರಾಸ್ ಸಂಸ್ಥೆ ಕೊಟ್ಟ ಧಾನ್ಯದಿಂದ ಕಳೆದರು. ಮುಂದೆ ಸರಕಾರವು ತೋಟವನ್ನು ಕೊಂಡುಕೊಂಡು, ಮನೆಗಳನ್ನು ಕಟ್ಟಿಸಿ, ಕಡಮೆ ಬಡ್ಡಿಯ ಸಾಲದ ಮೇಲೆ ನೆಲವನ್ನು ಉಳುವವರಿಗೇ ಮಾರಿತು. ಸ್ವಂತ ನೆಲವಿದ್ದುದರಿಂದಲೇ ಮುಂದೊಂದು ದಿನ ಅವರು ತಲೆಯೆತ್ತಿ ನಿಲ್ಲುವಂತಾಯಿತು.

ಅಂತಹ ಬಡತನದಲ್ಲಿ ಕೌದಿ ಅಲಂಕಾರದ ವಸ್ತುವಾಗಿರಲಿಲ್ಲ. ಹಲಗೆಯ ಗೋಡೆಯ ಸಂದುಗಳಿಂದ ಚಳಿಗಾಳಿ ನುಗ್ಗುತ್ತಿತ್ತು. ಹೊಲದಲ್ಲಿ ಉಟ್ಟು ಸವೆದ ಷರಾಯಿ, ಷರ್ಟು, ಲಂಗ, ಹಿಟ್ಟಿನ ಚೀಲ, ಗೊಬ್ಬರದ ಚೀಲ, ಇವೇ ಮೇಲ್ಹೊದಿಕೆಗೂ ಅಸ್ತರಿಗೂ ಆದುವು. ಹೊಲದಲ್ಲಿ ಆಯ್ದುಳಿದ ಹತ್ತಿಯನ್ನು ಕೋಲಿನಿಂದ ಬಡಿದು ಮೆತ್ತಗೆ ಮಾಡಿ ನಡುವೆ ಹರಡುತ್ತಿದ್ದರು. ತೀರ ಹಳೆಯದಾದ ಕೌದಿಯನ್ನು ಸೊಳ್ಳೆಗಳನ್ನು ಓಡಿಸಲು ಹೊಗೆಯೆಬ್ಬಿಸುವುದಕ್ಕೂ ಉಪಯೋಗಿಸುತ್ತಿದ್ದರು. ಮಿಸೌರಿ ಪೆಟ್ವೇ ಎಂಬಾಕೆ 1942ರಲ್ಲಿ, ತೀರಿಕೊಂಡ ತನ್ನ ಗಂಡನ ಕೆಲಸದ ಬಟ್ಟೆಗಳನ್ನು ಬಿಚ್ಚಿ ಹೊಲಿದ ಕೌದಿ ಇಂದಿಗೂ ಉಳಿದಿದೆ. ಮಾಸಿದ ನೀಲಿ, ಬೂದು, ಮಂಡಿ ಸವೆದು ಬೆಳ್ಳಗಾದ ಭಾಗ, ಎಲ್ಲವೂ ಅದರಲ್ಲಿ ಇದ್ದಂತೆಯೇ ಇವೆ. ನೆನಪಿಗೆಂದು ಮಾಡಿದ ಆ ಹೊದಿಕೆಯನ್ನು ಆಕೆ ಹೊದೆಯುವುದಕ್ಕೆಂದೇ ಮಾಡಿದ್ದಳು.

ಈ ಕೌದಿಗಳ ಒಂದು ಬಗೆಗೆ ಮನೆಯ ಮಾಡು ಎಂಬ ಅರ್ಥದ ಹೆಸರಿದೆ. ನಡುವೆ ಒಂದು ಚಿಕ್ಕ ಚೌಕ. ಅದರ ಒಂದು ಬದಿಗೆ ಪಟ್ಟಿ, ಮತ್ತೊಂದು ಬದಿಗೆ ಮತ್ತೊಂದು ಪಟ್ಟಿ, ಹೀಗೆ ಸುತ್ತುಸುತ್ತಾಗಿ ಹಾಸಿಗೆಯ ಅಗಲಕ್ಕೆ ಬೆಳೆಯುತ್ತದೆ. ಅಳತೆಯ ಪಟ್ಟಿಯಿಲ್ಲ, ಕಾಗದದ ನಕ್ಷೆಯಿಲ್ಲ. ಕಣ್ಣಳತೆಯೇ ಅಳತೆ. ಕೆಂಪು ಬಟ್ಟೆ ನಡುದಾರಿಯಲ್ಲಿ ಮುಗಿದುಹೋದರೆ ಅಲ್ಲಿಂದ ಮುಂದೆ ಕಂದು ಬರುತ್ತದೆ. ಆ ಬದಲಾವಣೆಯನ್ನು ಮುಚ್ಚುವುದಕ್ಕೆ ಹೋಗದೆ, ಅದನ್ನೇ ಹಿಡಿದು ಮುಂದಿನ ಪಟ್ಟಿಯನ್ನು ಆರಿಸುವುದೇ ಅವರ ಜಾಣ್ಮೆ.

ಇನ್ನು ದೋಣಿಯ ಕಥೆ. ಕರಿಯ ಜನರು ಮತದಾನದ ಹಕ್ಕಿಗಾಗಿ ಎದ್ದ ಕಾಲದಲ್ಲಿ, 1962ರಲ್ಲಿ, ಕ್ಯಾಮ್ಡೆನ್ನಿಗೆ ಹೋಗುತ್ತಿದ್ದ ದೋಣಿಯನ್ನು ನಿಲ್ಲಿಸಲಾಯಿತು. ಮತದಾರರ ಪಟ್ಟಿಯಲ್ಲಿ ಹೆಸರು ಬರೆಯಿಸತಕ್ಕ ಕಚೇರಿ ಆಚೆ ದಡದಲ್ಲಿತ್ತೆಂಬುದನ್ನು ನೆನೆದರೆ ಇದರ ಮರ್ಮ ತಾನಾಗಿ ತಿಳಿಯುತ್ತದೆ. 1965ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗರು ಈ ಊರಿಗೆ ಬಂದು ಜನರಿಗೆ ಧೈರ್ಯ ಹೇಳಿದರು. ಊರಿನ ಹೆಂಗಸರೂ ಕ್ಯಾಮ್ಡೆನ್ನಿನ ಬೀದಿಗಳಲ್ಲಿ ಮೆರವಣಿಗೆ ನಡೆದರು. ದೋಣಿ ಮಾತ್ರ ತಿರುಗಿ ಬಂದದ್ದು 2006ರಲ್ಲಿ! ನಲವತ್ತನಾಲ್ಕು ವರ್ಷ. ಆ ನಡುವೆ ರೋಗಿಗಳೂ ಬಸುರಿಯರೂ ಸುತ್ತುದಾರಿಯಲ್ಲಿಯೇ ಹೋಗಬೇಕಾಯಿತು. ಊರಿನ ಮೇರಿ ಲೀ ಬೆಂಡಾಲ್ಫ್ ಎಂಬಾಕೆಯ ಬಾಳನ್ನೂ ಈ ದೋಣಿಯನ್ನೂ ಕುರಿತು ಮೋರಿಂಗರ್ ಎಂಬ ಪತ್ರಿಕೋದ್ಯೋಗಿ ಬರೆದ ಲೇಖನಕ್ಕೆ 2000ನೆಯ ಇಸವಿಯಲ್ಲಿ ಪುಲಿಟ್ಜರ್ ಬಹುಮಾನ ಬಂತು. ಈಗ ಓಡುವ ದೋಣಿ ವಿದ್ಯುಚ್ಛಕ್ತಿಯದು. 2019ರಿಂದ ಹೊಗೆಯಿಲ್ಲದೆ ಸದ್ದಿಲ್ಲದೆ ದಾಟುತ್ತದೆ.

1966ರಲ್ಲಿ ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿಯ ಸಹಾಯದಿಂದ ಆ ಸೀಮೆಯ ಹೆಂಗಸರು ಕೌದಿಯ ಸಹಕಾರ ಸಂಘವೊಂದನ್ನು ಕಟ್ಟಿದರು. ನ್ಯೂಯಾರ್ಕಿನಲ್ಲಿ ಕೌದಿಗಳು ಹರಾಜಾದುವು. ದೊಡ್ಡ ಅಂಗಡಿಗಳಿಂದ ಬೇಡಿಕೆ ಬಂತು. ಕೈಗೆ ಕಾಸು ಬಂದದ್ದು ಸಣ್ಣ ವಿಷಯವಲ್ಲ. ಆದರೆ ಅಂಗಡಿಯವನಿಗೆ ಬೇಕಾದದ್ದು ಒಂದೇ ನಮೂನೆಯ ನೂರು ಕೌದಿ. ಮೂಲೆಗೆ ಮೂಲೆ ಸರಿಯಾಗಿರಬೇಕು, ಬಣ್ಣಕ್ಕೆ ಬಣ್ಣ ಹೊಂದಬೇಕು. ತನ್ನ ದಾರಿಯಲ್ಲಿ ಹೊಲಿಯುತ್ತಿದ್ದ ಕೈಗೆ ಇದು ಬಿಗಿಯಾಯಿತು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಕವಚಗಳನ್ನು ಹೊಲಿಯುವ ಗುತ್ತಿಗೆ ದೊರೆತಾಗ ಮಿಕ್ಕ ಚೂರುಗಳನ್ನು ಹೆಂಗಸರು ಮನೆಗೆ ಒಯ್ದರು. ಹಗಲು ಒಂದೇ ತೆರದ ಕವಚಗಳು. ಮನೆಯಲ್ಲಿ ಅದೇ ಬಟ್ಟೆಯಿಂದ ಒಂದರಂತೆ ಇನ್ನೊಂದಿಲ್ಲದ ಕೌದಿಗಳು. ನನಗಂತೂ ಈ ಇಡೀ ವೃತ್ತಾಂತದಲ್ಲಿ ಇದಕ್ಕಿಂತ ರುಚಿಯಾದ ಭಾಗ ಬೇರೆಯಿಲ್ಲ.

ಮುಂದಿನದು ಬಹುಮಂದಿ ಬಲ್ಲ ಕಥೆ. 1998ರಲ್ಲಿ ವಿಲಿಯಂ ಆರ್ನೆಟ್ ಎಂಬ ಕಲಾಸಂಗ್ರಾಹಕನು, ಆನಿ ಮೇ ಯಂಗ್ ಎಂಬಾಕೆಯ ಕೌದಿ ಸೌದೆಯ ರಾಶಿಯ ಮೇಲೆ ಹರಡಿದ್ದ ಚಿತ್ರವನ್ನು ಪುಸ್ತಕದಲ್ಲಿ ಕಂಡು, ಅದನ್ನು ಹುಡುಕಿಕೊಂಡು ಈ ಊರಿಗೆ ಬಂದನು. 2002ರಲ್ಲಿ ಹ್ಯೂಸ್ಟನ್ನಿನ ಕಲಾಶಾಲೆಯಲ್ಲಿಯೂ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿಯೂ ಈ ಕೌದಿಗಳು ಚಿತ್ರಪಟಗಳಂತೆ ಗೋಡೆಯೇರಿದುವು. 2006ರಲ್ಲಿ ಅಂಚೆಯ ಚೀಟಿಗಳ ಮೇಲೆಯೂ ಅಚ್ಚಾದುವು. ಕೀರ್ತಿಯ ಬೆನ್ನಿಗೆ ಹಣದ ಹಂಚಿಕೆಯ ತಕರಾರು ಬರುವುದು ಲೋಕರೂಢಿ. 2007ರಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋದರು, ಮರುವರ್ಷ ರಾಜಿಯಾಯಿತು.

ದೋಣಿಯಿಲ್ಲದೆ ಆಚೆ ದಡವನ್ನೇ ಸೇರಲಾರದಿದ್ದ ಹೆಂಗಸರು ಈಗ ವಿಮಾನವೇರಿ ದೇಶದ ಉದ್ದಗಲಕ್ಕೂ ಕರೆಯಿಸಿಕೊಂಡು ಹೋಗತೊಡಗಿದರು. ಮೇರಿ ಲೀ ಬೆಂಡಾಲ್ಫರೂ ಅವರ ಸೊಸೆ ಲೂಸಿಯಾನಾ ಬೆಂಡಾಲ್ಫರೂ 2005ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋಗಿ, ತಮ್ಮ ಹೊಲಿಗೆಯ ಪಡಿಯಚ್ಚುಗಳನ್ನು ತಾಮ್ರದ ತಗಡಿನಿಂದ ಕಾಗದಕ್ಕೆ ಇಳಿಸುವ ಕೆಲಸದಲ್ಲಿ ತೊಡಗಿದರು. ಮೇರಿ ಆನ್ ಪೆಟ್ವೇ ಮತ್ತು ಚೈನಾ ಪೆಟ್ವೇ ಎಂಬಿಬ್ಬರು ವಾಸದ ಶಿಬಿರಗಳಲ್ಲಿ ಕೌದಿಯನ್ನು ಕಲಿಸುವುದಕ್ಕೆ ಹೆಸರಾದವರು. ಕೈ ಹೊಲಿಯುತ್ತಿರುವಾಗ ಇಬ್ಬರೂ ಜೊತೆಯಾಗಿ ದೇವರ ಹಾಡುಗಳನ್ನು ಹೇಳುವುದುಂಟು. ನಮ್ಮಲ್ಲಿ ಬೀಸುವಾಗಲೂ ಕುಟ್ಟುವಾಗಲೂ ಹಾಡು ಬರುತ್ತಿದ್ದಂತೆ, ಅವರಲ್ಲಿ ಸೂಜಿಯೊಡನೆ ಹಾಡು ಬರುತ್ತದೆ.

ಇಂತಹ ಶಿಬಿರಕ್ಕೆ ಬರುವ ಶಿಷ್ಯೆಯರ ಕಷ್ಟ ವಿಚಿತ್ರವಾದದ್ದು. ಅವರಲ್ಲಿ ಬಟ್ಟೆಗೆ ಕೊರತೆಯಿಲ್ಲ. ಗಜಗಟ್ಟಲೆ ಹೊಸ ಬಟ್ಟೆ, ಕೂದಲೆಳೆಯಷ್ಟೂ ತಪ್ಪದ ಅಳತೆಗೋಲು, ಉರುಳುಗತ್ತಿ, ಅಚ್ಚಾದ ನಮೂನೆಗಳು. ಗುರುವಾದರೋ ನಮೂನೆಯನ್ನು ಕೊಡುವುದಿಲ್ಲ. ಕೈಯಲ್ಲಿರುವುದನ್ನು ನೋಡು, ಒಂದು ತುಂಡನ್ನು ಇಡು, ಅದು ಮುಂದಿನದನ್ನು ಕೇಳುತ್ತದೆ ಎಂಬುದೇ ಪಾಠದ ತಿರುಳು. ಇಲ್ಲದಿರುವಿಕೆಯಿಂದ ಹುಟ್ಟಿದ ವಿದ್ಯೆಯನ್ನು ಎಲ್ಲವೂ ಇರುವವರಿಗೆ ಹೇಗೆ ಕಲಿಸುವುದು? ಸೊಟ್ಟ ಗೆರೆಯನ್ನು ಬೇಕೆಂದೇ ಸೊಟ್ಟ ಹೊಲಿದರೆ ಅದು ಜೀಸ್ ಬೆಂಡಿನದಾಗುವುದಿಲ್ಲ, ಅದರ ಅಣಕವಾಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಮನೆಯಲ್ಲಿ ಗಂಡನ ಹಳೆಯ ಷರಾಯಿಯನ್ನೋ ಮಗುವಿನ ಮೊದಲ ಅಂಗಿಯನ್ನೋ ತಂದು ಬಿಚ್ಚುವ ಧೈರ್ಯ ಮಾಡಿದವಳು ಆ ಪಾಠದ ಹತ್ತಿರಕ್ಕೆ ಹೋದಾಳು. ಅಂಗಡಿಯ ಹೊಸ ಬಟ್ಟೆ ಯಾರ ಸಂಗತಿಯನ್ನೂ ಹೇಳಲಾರದು.

ಆಫ್ರಿಕಾ ಮೂಲದವರ ಇಂತಹದೇ ಒಂದು ಕೌದಿಯ ವಿದ್ಯೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರಲ್ಲಿದೆ. ಅವರು ಅದನ್ನು ಕವಂದಿ ಎನ್ನುತ್ತಾರೆ. ಕ್ರಮ ಮಾತ್ರ ತಲೆಕೆಳಗು. ಜೀಸ್ ಬೆಂಡಿನ ಮಾಡು ನಡುವಿನಿಂದ ಹೊರಕ್ಕೆ ಬೆಳೆದರೆ, ಕವಂದಿ ಅಂಚಿನ ಮೂಲೆಯಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೇರುತ್ತದೆ. ಅಲ್ಲಿ ಮೊದಲು ಮೇಲ್ಭಾಗವನ್ನು ಜೋಡಿಸಿ ಆಮೇಲೆ ಅಸ್ತರು ಸೇರಿಸುತ್ತಾರೆ. ಇಲ್ಲಿ ತೇಪೆಯನ್ನು ಅಸ್ತರಿನ ಮೇಲಿಟ್ಟು ಸೂಜಿಯನ್ನು ಮೇಲೆ ಕೆಳಗೆ ಆಡಿಸುವ ಸಾದಾ ಹೊಲಿಗೆಯಿಂದ ಎಲ್ಲ ಪದರಗಳನ್ನೂ ಒಮ್ಮೆಗೇ ಹಿಡಿಯುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಚಿದ ಮುಮ್ಮೂಲೆಯ ತುಂಡುಗಳನ್ನು ಸಿಕ್ಕಿಸಿ ಹೊಲಿಯುವುದುಂಟು; ಅವಕ್ಕೆ ಹೂ ಎಂದು ಹೆಸರು, ಹೂವಿಲ್ಲದ ಕವಂದಿ ಬೆತ್ತಲೆಯೆಂದು ಅವರ ಎಣಿಕೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು ಈ ಕೌದಿಗಳನ್ನು ಅಭ್ಯಸಿಸಿ ಅವುಗಳ ಹಿರಿಮೆಯನ್ನು ಹೊರಗೆ ತಿಳಿಸಿದರು. ಈಗ ಅಮೆರಿಕದ ಕೌದಿಯ ತರಗತಿಗಳಲ್ಲಿ ಕವಂದಿಯೂ ಒಂದು ಪಾಠ. ಆದರೆ ಅದನ್ನು ಹೇಳಿಕೊಡುವವರು ಬಹುಮಟ್ಟಿಗೆ ಆ ದೇಶದವರೇ. ಜೀಸ್ ಬೆಂಡಿನ ಹೆಂಗಸರಂತೆ ಯಲ್ಲಾಪುರದ ಹೆಂಗಸರೂ ತಮ್ಮ ವಿದ್ಯೆಗೆ ತಾವೇ ಗುರುಗಳಾಗಿ, ಟಿಕೆಟ್ಟಿನ ಖರ್ಚೂ ಸಂಭಾವನೆಯೂ ಕೈಗೆ ಬಂದು, ಊರೂರಿಗೆ ಹೋಗುವಂತಾಗಲೆಂದು ಆಶಿಸುವುದು ತಪ್ಪಾಗಲಾರದು. ಧಾರವಾಡಕ್ಕೂ ಬೆಂಗಳೂರಿಗೂ ಮೊದಲು ಕರೆಯುವುದಕ್ಕೆ ನಮಗೇನೂ ಅಡ್ಡಿಯಿಲ್ಲ.

2022ರಿಂದ ಜೀಸ್ ಬೆಂಡಿನಲ್ಲಿ ವರ್ಷಕ್ಕೊಮ್ಮೆ, ಬಿಸಿಲಿನ ತಾಪ ಇಳಿದ ಅಕ್ಟೋಬರಿನಲ್ಲಿ, ಕೌದಿಗಳನ್ನು ಗಾಳಿಗೆ ಹಾಕುವ ಉತ್ಸವ ನಡೆಯುತ್ತಿದೆ. ಚಳಿಗಾಲಕ್ಕೆ ಮುಂಚೆ ಹೊದಿಕೆಗಳನ್ನು ಹೊರಗೆ ತೂಗಿಹಾಕುತ್ತಿದ್ದ ಹಳೆಯ ರೂಢಿಯೇ ಇದಕ್ಕೆ ಮೂಲ. ಅಂದು ಬಟ್ಟೆಯ ಹಗ್ಗಗಳ ಮೇಲೂ ಬೇಲಿಗಳ ಮೇಲೂ ಕೌದಿಗಳು ಹಬ್ಬಿಕೊಳ್ಳುತ್ತವೆ. ಹೊರ ಊರುಗಳಿಂದ ಬಂದವರು ಹೊಲಿದವಳ ಕೈಯಿಂದಲೇ ಕೊಳ್ಳುತ್ತಾರೆ. ಬೇಕಾದವರು ಪಕ್ಕದಲ್ಲಿ ಕುಳಿತು ಹೊಲಿಗೆಯನ್ನೂ ಹಿಡಿಯುತ್ತಾರೆ. ಆ ದಿವಸ ಗುರುಗಳು ಎಲ್ಲಿಗೂ ಹೋಗಬೇಕಾಗಿಲ್ಲ. ಶಿಷ್ಯೆಯರೇ ದೋಣಿಯಲ್ಲಿ ಈಚೆ ದಡಕ್ಕೆ ಬರುತ್ತಾರೆ.