13 ತಂಡ, 12 ಸೋಲು

ಹೆಡ್‌ಮಾಸ್ಟರು ಸುತ್ತೋಲೆಯನ್ನು ನನ್ನ ಮೇಜಿನ ಮೇಲಿಟ್ಟು, "ಈ ಸಲ ವಲಯ ಮಟ್ಟದ ವಾಲಿಬಾಲ್ ನಮ್ಮ ಶಾಲೆ ತಲೆಗೇ ಬಂತು ಮೇಷ್ಟ್ರೇ" ಎಂದಾಗ ಸ್ಟಾಫ್ ರೂಮಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಮಗಳ ಮದುವೆ ಗೊತ್ತಾದವನನ್ನು ಊರವರು ನೋಡುವ ರೀತಿ ಇರುತ್ತದಲ್ಲ, ಹಾಗೆ. ಕನ್ನಡ ಮೇಷ್ಟ್ರು ಮಾತ್ರ ತಲೆಯೆತ್ತದೆ, "ಮೈಕು ನಾನು ಹಿಡೀತೀನಿ, ಉಳಿದಿದ್ದು ನೀವು ನೋಡ್ಕಳಿ" ಎಂದು ಉತ್ತರಪತ್ರಿಕೆ ತಿದ್ದುವುದನ್ನು ಮುಂದುವರಿಸಿದರು.

ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕನಿಗೆ ಇದು ಹೊಸದೇನಲ್ಲ. ಶಾಲಾ ಕ್ರೀಡಾಕೂಟಗಳು ಮೆಟ್ಟಿಲಿನ ಹಾಗೆ. ವಲಯದಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗ, ರಾಜ್ಯ. ಪತ್ರಿಕೆಯಲ್ಲಿ ಫೋಟೋ ಬರುವುದು ಮೇಲಿನ ಮೆಟ್ಟಿಲುಗಳದ್ದು. ಕೆಳಗಿನ ಮೆಟ್ಟಿಲಿನಲ್ಲಿ ಹುಡುಗರು ಸಮವಸ್ತ್ರದ ಪ್ಯಾಂಟನ್ನೇ ಮೊಣಕಾಲಿಗೆ ಮಡಚಿಕೊಂಡು ಆಡುತ್ತಾರೆ. ಬಹುಪಾಲು ಹುಡುಗರ ಆಟ ಮುಗಿಯುವುದೂ ಅಲ್ಲಿಯೇ.

ಹೆಸರು ಕೊಟ್ಟ ಶಾಲೆಗಳು 13. ಒಂದೇ ದಿನ, ಎರಡು ಕೋರ್ಟು. ಪ್ರತಿ ತಂಡವೂ ಉಳಿದೆಲ್ಲ ತಂಡಗಳ ಜೊತೆ ಆಡುವ ಲೀಗ್ ಪದ್ಧತಿ ಇಟ್ಟರೆ 78 ಪಂದ್ಯ ಆಗಬೇಕು. ಮೂರು ಸೆಟ್ಟಿನ ಒಂದು ಪಂದ್ಯಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಒಂದು ದಿನದಲ್ಲಿ ಮುಗಿಯುವ ಮಾತೇ ಇಲ್ಲ. ಹಾಗಾಗಿ ನಾಕೌಟ್ ಬಿಟ್ಟು ದಾರಿಯಿಲ್ಲ. ನಾಕೌಟಿನ ಲೆಕ್ಕ ಮಾತ್ರ ಎಂಟನೇ ಕ್ಲಾಸಿನ ಹುಡುಗನಿಗೂ ಬರುತ್ತದೆ: ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ. 13 ತಂಡದಲ್ಲಿ ಒಂದು ಉಳಿಯಬೇಕಾದರೆ 12 ಪಂದ್ಯ ಸಾಕು. 16ಕ್ಕೆ ಮೂರು ಕಡಿಮೆ ಇರುವುದರಿಂದ ಮೂರು ತಂಡಕ್ಕೆ ಬೈ. ಉಳಿದ ಹತ್ತು ತಂಡಗಳ ನಡುವೆ ಮೊದಲ ಸುತ್ತಿನ ಐದು ಪಂದ್ಯ.

ಇಷ್ಟು ವರ್ಷ ಈ ಲೆಕ್ಕ ಹಾಕಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೇ. ನಾವು ಪಂದ್ಯಾವಳಿ ನಡೆಸುವುದು ಗೆಲ್ಲುವವರನ್ನು ಆರಿಸಲು ಅಂತ ಸುತ್ತೋಲೆ ಹೇಳುತ್ತದೆ. ಮೈದಾನದಲ್ಲಿ ನಿಂತು ನೋಡಿದರೆ ಬಂದವರಲ್ಲಿ 12 ತಂಡ ಸೋತೇ ಹೋಗುತ್ತವೆ. ಅದರಲ್ಲಿ ಐದು ತಂಡಗಳು ಬೆಳಿಗ್ಗೆ ಎದ್ದು, ಬಸ್ಸು ಹಿಡಿದು ಬಂದು, ಅರ್ಧ ಮುಕ್ಕಾಲು ಗಂಟೆ ಆಡಿ ವಾಪಸು ಹೋಗುತ್ತವೆ. ಅವರ ಪಾಲಿಗೆ ಇಡೀ ವರ್ಷದ ಪಂದ್ಯಾವಳಿ ಎಂದರೆ ಆ ಒಂದು ಆಟ. ಅದನ್ನು ಸರಿಯಾದ ಆಟವಾಗಿ ಆಡಿಸುವುದೇ ಸಂಘಟಕನ ಅರ್ಧಕ್ಕಿಂತ ಹೆಚ್ಚಿನ ಕೆಲಸ.

ಸರಿಯಾದ ಆಟ ಅಂದರೆ ಮೊದಲು ಸರಿಯಾದ ಗೆರೆ. ನಮ್ಮ ಕಡೆ ಆಗಸ್ಟ್ ಎಂದರೆ ಆಶ್ಲೇಷಾ, ಮಘೆ ಮಳೆಗಳ ಕಾಲ. ವಾಲಿಬಾಲನ್ನು ಕಂಡುಹಿಡಿದದ್ದು ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ, 1895ರಲ್ಲಿ. ವೈಎಂಸಿಎಯ ವ್ಯಾಯಾಮ ಶಿಕ್ಷಕ ವಿಲಿಯಂ ಮಾರ್ಗನ್ ಬ್ಯಾಸ್ಕೆಟ್‌ಬಾಲ್ ಆಡಿ ಸುಸ್ತಾಗುವ ವಯಸ್ಸಿನ ವ್ಯಾಪಾರಸ್ಥರಿಗೆ ಅಂತ ಸೂರಿನಡಿ ಆಡುವ ಹಗುರವಾದ ಆಟವೊಂದನ್ನು ಮಾಡಿಕೊಟ್ಟ. ಆತ ಇಟ್ಟ ಹೆಸರು ಮಿಂಟೊನೆಟ್. ಸೂರಿನಡಿಯ ಆ ಆಟ ಹೇಗೋ ನಮ್ಮ ಗದ್ದೆಬಯಲಿಗೆ ಬಂದು ಸೇರಿತು. ಯಾಕೆ ಸೇರಿತು ಅಂತ ಕೇಳಿದರೆ ಉತ್ತರ ಸುಲಭ. ಒಂದು ಚೆಂಡು, ಒಂದು ನೆಟ್ಟು, ಎರಡು ಅಡಿಕೆ ಮರದ ಕಂಬ ಇದ್ದರೆ ಹನ್ನೆರಡು ಜನ ಆಡಬಹುದು. ಕೊಯ್ಲಾದ ಗದ್ದೆಯಲ್ಲಿ ಕೂಳೆ ಕಿತ್ತರೆ ಕೋರ್ಟು ಸಿದ್ಧ. ಆದರೆ ಶಾಲಾ ಕ್ರೀಡಾಕೂಟ ಕೊಯ್ಲಿಗೆ ಕಾಯುವುದಿಲ್ಲ. ಅದು ಮಳೆಗಾಲದಲ್ಲೇ ಬರುತ್ತದೆ.

ಹಿಂದಿನ ದಿನ ಮಧ್ಯಾಹ್ನ ಹತ್ತನೇ ಕ್ಲಾಸಿನ ಹುಡುಗರನ್ನು ಕರೆದುಕೊಂಡು ಟೇಪು ಹಿಡಿದೆ. 18 ಮೀಟರ್ ಉದ್ದ, 9 ಮೀಟರ್ ಅಗಲ. ನಾಲ್ಕು ಮೂಲೆಗೆ ಗೂಟ ಹೊಡೆದು ಗೆರೆ ಎಳೆದರೆ ಆಯಿತು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಕಣ್ಣಂದಾಜಿನಲ್ಲಿ ಎಳೆದ ಕೋರ್ಟು ಯಾವಾಗಲೂ ಒಂದು ಕಡೆ ವಾಲಿಕೊಂಡಿರುತ್ತದೆ. ಅದಕ್ಕೆ ಗಣಿತದ ಮೇಡಂ ಬಂದರು. "ಒಂದು ಕಡೆಯ ಅಂಕಣ ಒಂಬತ್ತಕ್ಕೆ ಒಂಬತ್ತು. ಹಾಗಾದ್ರೆ ಕರ್ಣ ಎಷ್ಟ್ರೋ?" ಎಂದು ಅಲ್ಲೇ ಪಾಠ ಶುರುಮಾಡಿದರು. ಒಬ್ಬ ಕೆಸರಿನಲ್ಲೇ ಕಡ್ಡಿಯಲ್ಲಿ ಬರೆದು ಲೆಕ್ಕ ಮಾಡಿ, "12.73 ಮೇಡಂ" ಅಂದ. ಅಳೆದರೆ ಒಂದು ಕರ್ಣ ಅದಕ್ಕಿಂತ ಒಂದು ಗೇಣು ಹೆಚ್ಚು ಬಂತು. ಗೂಟ ಕಿತ್ತು ಮತ್ತೆ ಹೊಡೆದೆವು. ಸುಣ್ಣದ ಪುಡಿಯ ಗೆರೆ ಒಂದೇ ಮಳೆಗೆ ಹಾಲಿನ ಹಾಗೆ ಹರಿದುಹೋಗುತ್ತದೆ. ಆದ್ದರಿಂದ ಗೆರೆಯ ಜಾಗದಲ್ಲಿ ಬಿಳಿ ನೈಲಾನ್ ಪಟ್ಟಿ ಎಳೆದು ಮೊಳೆ ಬಡಿದೆವು. ನೀರು ನಿಂತ ಕಡೆ ಸಣ್ಣ ಕಾಲುವೆ ತೋಡಿ, ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟು ಹರಡಿದ್ದಾಯಿತು. ಗಂಡಸರ ನೆಟ್ಟಿನ ಎತ್ತರ ನಡುವೆ 2.43 ಮೀಟರ್. ನಾವು ಅದನ್ನೇ ಕಟ್ಟುತ್ತೇವೆ. ಒದ್ದೆಯಾದ ನೆಟ್ಟು ರಾತ್ರಿ ಕಳೆಯುವುದರಲ್ಲಿ ಜೋತುಬೀಳುತ್ತದೆ, ಬೆಳಿಗ್ಗೆ ಮತ್ತೆ ಅಳೆಯಬೇಕು.

ಊಟದ ಹೊಣೆ ಎಸ್‌ಡಿಎಂಸಿಯವರದು. ಒಬ್ಬರ ಮನೆಯಿಂದ ತೆಂಗಿನಕಾಯಿ, ಇನ್ನೊಬ್ಬರ ಮನೆಯಿಂದ ಮಗೆಕಾಯಿ, ಸೊಸೈಟಿಯಲ್ಲಿ ಕೆಲಸ ಮಾಡುವ ಹಳೆ ವಿದ್ಯಾರ್ಥಿಯಿಂದ ಬೆಲ್ಲ. ಟ್ರೋಫಿಗೆ ಪೇಟೆಯ ಅಡಿಕೆ ಮಂಡಿಯವರು ದುಡ್ಡು ಕೊಟ್ಟರು. ಗೆದ್ದವರಿಗೆ, ರನ್ನರ್ಸ್‌ಗೆ ಎರಡು ಟ್ರೋಫಿ. ಉಳಿದ ಹನ್ನೊಂದು ತಂಡಕ್ಕೆ ಕೊಡಲು ನಮ್ಮಲ್ಲಿ ಇದ್ದದ್ದು ಅನ್ನ, ಸಾಂಬಾರು, ಕಡಲೆಬೇಳೆ ಪಾಯಸ.

ಪಂದ್ಯದ ದಿನ ಬೆಳಿಗ್ಗೆ ಒಂಬತ್ತಕ್ಕೆ ತಂಡದ ಜೊತೆ ಬಂದ ಮೇಷ್ಟ್ರುಗಳ ಸಭೆ. ವಯಸ್ಸಿನ ದಾಖಲೆ, ಹೆಡ್‌ಮಾಸ್ಟರ ಸಹಿ ಇರುವ ಅರ್ಹತಾ ಪತ್ರ ಎಲ್ಲ ನೋಡಿ, ಎಲ್ಲರ ಎದುರು ಚೀಟಿ ಎತ್ತಿಸಿದೆ. ನಿಯಮ ಓದಿ ಹೇಳಿದೆ. ಕರೆದ 15 ನಿಮಿಷದೊಳಗೆ ಆರು ಆಟಗಾರರು ಕೋರ್ಟಿನಲ್ಲಿ ಇರಬೇಕು, ಇಲ್ಲದಿದ್ದರೆ ಎದುರಾಳಿಗೆ ವಾಕೋವರ್. ಪಂದ್ಯಗಳ ಸರದಿ ಬದಲಿಸುವ ಅಧಿಕಾರ ಸಂಘಟಕರದ್ದು. ಎಲ್ಲರೂ ಸಹಿ ಹಾಕಿದರು. ಹನ್ನೆರಡು ಸಹಿ. ಘಟ್ಟದಂಚಿನ ಒಂದು ಶಾಲೆಯವರು ಇನ್ನೂ ಬಂದಿರಲಿಲ್ಲ. ಅವರ ಚೀಟಿಯನ್ನು ಹೆಡ್‌ಮಾಸ್ಟರು ಎತ್ತಿದರು. ಎದುರಾಳಿಯಾಗಿ ಸಿಕ್ಕಿದ್ದು ಪೇಟೆಯ ದೊಡ್ಡ ಶಾಲೆ.

ಒಂಬತ್ತೂಮುಕ್ಕಾಲಿಗೆ ಆಫೀಸಿನ ಫೋನು ಬಡಿದುಕೊಂಡಿತು. ಆ ಘಟ್ಟದ ಶಾಲೆಯ ಗುಮಾಸ್ತರು. "ಬೆಳಿಗ್ಗೆ ಬಸ್ಸೇ ಬರ್ಲಿಲ್ಲ ಸಾರ್. ಹುಡುಗ್ರು ಮೇಷ್ಟ್ರ ಜೊತೆ ನಡ್ಕಂಡು ಹೊರಟಿದಾರೆ, ಮೇನ್ ರೋಡಲ್ಲಿ ಏನಾದ್ರೂ ಸಿಗುತ್ತೆ" ಎಂದರು. ಅವರ ಪಂದ್ಯ ಇದ್ದದ್ದು ಹತ್ತೂಕಾಲಿಗೆ.

ನಾನು ಮೊದಲ ಸುತ್ತಿನ ಕೊನೆಯ ಪಂದ್ಯದ ಎರಡೂ ತಂಡದವರನ್ನು ಕೇಳಿದೆ. ಅವರು ಮೊದಲು ಆಡಲು ಒಪ್ಪಿದರು. ಘಟ್ಟದ ಶಾಲೆಯ ಆಟ ಹನ್ನೊಂದಕ್ಕೆ ಹೋಯಿತು. ಪೇಟೆಯ ಶಾಲೆಯ ದೈಹಿಕ ಶಿಕ್ಷಕ ನನ್ನ ಜೊತೆಗೇ ಬಿ.ಪಿ.ಎಡ್. ಮಾಡಿದವ, ಹಾಸ್ಟೆಲಿನಲ್ಲಿ ಒಂದೇ ರೂಮು. ಸ್ಕೋರರ್ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿಯೇ ಕೇಳಿದ.

"ಇದು ಸರಿನಾ ಮಾರಾಯ? ನನ್ನ ಹುಡುಗರು ಒಂಬತ್ತೂವರೆಗೇ ವಾರ್ಮಪ್ ಮಾಡಿ ನಿಂತಿದಾರೆ. ಈ ಮಳೇಲಿ ಮೈ ತಣ್ಣಗಾದ್ರೆ ಸ್ನಾಯು ಹಿಡ್ಕಳಲ್ವಾ? ಎರಡು ವರ್ಷದ ಹಿಂದೆ ನಾನು ಹತ್ತು ನಿಮಿಷ ಲೇಟಾಗಿ ಹೋದಾಗ ನನಗೆ ಯಾರು ಸರದಿ ಬದಲಿಸಿದ್ರು?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸಮಯಕ್ಕೆ ಬಂದವನಿಗೆ ಶಿಕ್ಷೆ, ತಡವಾದವನಿಗೆ ರಿಯಾಯಿತಿ ಎಂದರೆ ಯಾರಿಗೇ ಆದರೂ ಉರಿಯುತ್ತದೆ. ನಿಯಮ ಇರುವುದೇ ಸಂಘಟಕನ ಮನಸ್ಸಿನ ಮೇಲೆ ಆಟ ನಿಲ್ಲಬಾರದು ಅಂತ. "ಸರದಿ ಬದಲಿಸೋ ನಿಯಮಕ್ಕೆ ಬೆಳಿಗ್ಗೆ ನೀನೂ ಸಹಿ ಹಾಕಿದೀಯ. ಹನ್ನೊಂದಕ್ಕೆ ಕರೀತೀನಿ. ಹನ್ನೊಂದೂಕಾಲು ಆದ್ಮೇಲೆ ಒಂದು ನಿಮಿಷ ಕಾಯಲ್ಲ" ಎಂದೆ. ಅವನು ಲಿಖಿತ ಆಕ್ಷೇಪಣೆ ಬರೆದು ಮಡಚಿ ಜೇಬಿನಲ್ಲಿ ಇಟ್ಟುಕೊಂಡ. ಅದನ್ನು ಕೊಟ್ಟರೆ ವಿಷಯ ತಾಲ್ಲೂಕು ಕಚೇರಿಯವರೆಗೆ ಹೋಗುತ್ತದೆ, ಇಡೀ ದಿನದ ಆಟ ರದ್ದಾದರೂ ಆಗಬಹುದು ಅಂತ ಇಬ್ಬರಿಗೂ ಗೊತ್ತಿತ್ತು.

ಹನ್ನೊಂದಕ್ಕೆ ಕನ್ನಡ ಮೇಷ್ಟ್ರು ಮೈಕಿನಲ್ಲಿ ಮೊದಲ ಕರೆ ಕೊಟ್ಟರು. ಐದು ನಿಮಿಷಕ್ಕೆ ಎರಡನೆಯದು. ಪೇಟೆಯ ಹುಡುಗರು ಕೋರ್ಟಿನಲ್ಲಿ ಸಾಲಾಗಿ ನಿಂತಿದ್ದರು. ಹನ್ನೊಂದೂ ಹತ್ತರ ಹೊತ್ತಿಗೆ ಗೇಟಿನ ಹತ್ತಿರ ಒಂದು ಪಿಕಪ್ ನಿಂತಿತು. ಗೊಬ್ಬರದ ಚೀಲಗಳ ಮೇಲೆ ಒಂದೇ ಟಾರ್ಪಾಲು ಹೊದ್ದು ಕೂತಿದ್ದ ಏಳು ಹುಡುಗರು, ಅವರ ಮೇಷ್ಟ್ರು ಇಳಿದರು. ಏಳರಲ್ಲಿ ಶೂ ಇದ್ದದ್ದು ಇಬ್ಬರಿಗೆ. ಆ ಇಬ್ಬರೂ ಅದನ್ನು ಬಿಚ್ಚಿ ಬದಿಗಿಟ್ಟರು. ಹೊಟ್ಟಿನ ಮೇಲೆ ಬರಿಗಾಲೇ ವಾಸಿ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲ ಸೆಟ್ 25-9. ನೋಡಲು ಕಷ್ಟವಾಗುವಂಥ ಆಟ. ಎದುರಾಳಿಯ ಸರ್ವಿಸ್ ಬಂದಾಗೆಲ್ಲ ಇಬ್ಬರು ಒಟ್ಟಿಗೆ ಓಡಿ ಡಿಕ್ಕಿ ಹೊಡೆಯುತ್ತಿದ್ದರು. ಎರಡನೇ ಸೆಟ್ಟಿನಲ್ಲಿ ಅವರ ಪೈಕಿ ಎಲ್ಲರಿಗಿಂತ ಕುಳ್ಳ ಹುಡುಗ ಸರ್ವಿಸಿಗೆ ಬಂದ. ಕೆಳಗಿನಿಂದ ಕೈಬೀಸಿ ಚೆಂಡನ್ನು ನೆಟ್ಟಗೆ ಆಕಾಶಕ್ಕೆ ಹೊಡೆದ. ಗದ್ದೆಬಯಲಿನ ಆಟ ಅದು. ಕೋಚಿಂಗ್ ಪಡೆದವರು ಹಾಗೆ ಹೊಡೆಯುವುದಿಲ್ಲ, ಹಾಗಾಗಿ ಅದನ್ನು ಎದುರಿಸುವ ಅಭ್ಯಾಸವೂ ಅವರಿಗೆ ಇರುವುದಿಲ್ಲ. ಮೋಡದ ಬಣ್ಣದಲ್ಲಿ ಕಾಣದೆ ಹೋದ ಒದ್ದೆ ಚೆಂಡು ಕೆಳಗೆ ಬರುವಾಗ ಪೇಟೆಯ ಹುಡುಗರು ಕಣ್ಣಿಗೆ ಮಳೆಹನಿ ಬಿದ್ದು ಮುಖ ತಿರುಗಿಸಿದರು. ಒಂದಾದ ಮೇಲೊಂದು ಆರು ಪಾಯಿಂಟು. 14-11. ನಮ್ಮ ಶಾಲೆಯ ಹುಡುಗರೆಲ್ಲ ಗೆರೆಯ ಹತ್ತಿರ ಬಂದು ಕೂಗತೊಡಗಿದರು. ನಾನು ನನ್ನ ಗೆಳೆಯನ ಕಡೆ ನೋಡಿದೆ. ಅವನ ಕೈ ಶರ್ಟಿನ ಜೇಬಿನ ಮೇಲಿತ್ತು.

ಪೇಟೆಯವರು ಸುಧಾರಿಸಿಕೊಂಡರು. ಎರಡನೇ ಸೆಟ್ 25-19. ಆ ಕಾಗದ ಜೇಬಿನಲ್ಲೇ ಉಳಿಯಿತು. ಅಕಸ್ಮಾತ್ ಅವನ ತಂಡ ಸೋತಿದ್ದರೆ ಅದು ನನ್ನ ಮೇಜಿಗೆ ಬರುತ್ತಿತ್ತು. ನಿಯಮದ ಪ್ರಕಾರ ನಾನು ಉತ್ತರ ಬರೆಯುತ್ತಿದ್ದೆ. ಆ ಉತ್ತರ ಅವನ ಹುಡುಗರಿಗೆ ಸಮಾಧಾನ ಕೊಡುತ್ತಿತ್ತು ಅಂತ ಮಾತ್ರ ಹೇಳಲಾರೆ. ಒಬ್ಬರಿಗೆ ಆಡುವ ಅವಕಾಶ ಕೊಡಲು ಇನ್ನೊಬ್ಬರನ್ನು ಮಳೆಯಲ್ಲಿ ನಿಲ್ಲಿಸಬೇಕಾಯಿತು. ಸಂಘಟನೆಯಲ್ಲಿ ಇಂಥ ಲೆಕ್ಕಗಳು ಕರ್ಣದ ಹಾಗೆ ಸರಿಯಾಗಿ ಕೂರುವುದಿಲ್ಲ.

ಆಟ ಮುಗಿದ ಮೇಲೆ ಆ ಕುಳ್ಳ ಹುಡುಗ ಅಡುಗೆ ಶೆಡ್ಡಿನ ಹತ್ತಿರ ಸುಳಿದಾಡುತ್ತಿದ್ದ. ನನ್ನನ್ನು ಕಂಡು, "ಸಾರ್, ಸೋತೋರಿಗೂ ಊಟ ಇದ್ಯಾ?" ಅಂದ. ಅಡುಗೆಯ ಅಮ್ಮ ನನಗಿಂತ ಮೊದಲೇ, "ಸೋತೋರಿಗೆ ಹಸಿವು ಜಾಸ್ತಿ ಅಲ್ವನಾ, ಬಾ ಕೂತ್ಕಾ" ಎಂದು ತಟ್ಟೆ ಕೊಟ್ಟರು. ಅವರ ಮೇಷ್ಟ್ರು ಇನ್ನೊಂದು ವಿಷಯಕ್ಕೆ ಬಂದರು. ಸ್ಕೋರ್‌ಶೀಟಿನ ಒಂದು ಪ್ರತಿ ಸಿಗುತ್ತದೆಯೇ ಅಂತ. ಹುಡುಗರ ಹೆಸರು ಅಚ್ಚುಕಟ್ಟಾಗಿ ಬರೆದಿದೆ, ಶಾಲೆಯ ನೋಟಿಸ್ ಬೋರ್ಡಿಗೆ ಹಾಕಬೇಕು ಎಂದರು. ಕಾರ್ಬನ್ ಪ್ರತಿ ಹರಿದುಕೊಟ್ಟೆ. 25-9 ಅಂತ ಬರೆದ ಹಾಳೆಯನ್ನು ಬೋರ್ಡಿಗೆ ಹಾಕುವವರಿದ್ದಾರೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಊಟ ಮುಗಿದು ಸೆಮಿಫೈನಲ್ ಶುರುವಾದಾಗ ಎಲ್ಲರೂ ಒಂದನೇ ಕೋರ್ಟಿನ ಸುತ್ತ ಸೇರಿದರು. ಎರಡನೇ ಕೋರ್ಟು ಖಾಲಿ ಬಿದ್ದಿತ್ತು. ಗೂಟ, ಪಟ್ಟಿ, ನೆಟ್ಟು ಎಲ್ಲ ಸರಿಯಾಗಿಯೇ ಇತ್ತು. ಘಟ್ಟದ ಕಡೆ ಹೋಗುವ ಬಸ್ಸು ನಾಲ್ಕೂವರೆಗೆ. ಮೊದಲ ಸುತ್ತಿನಲ್ಲೇ ಸೋತ ಇನ್ನೊಂದು ತಂಡವೂ ಅದೇ ಬಸ್ಸಿಗೆ ಕಾಯುತ್ತ ಜಗಲಿಯ ಮೇಲೆ ಕೂತಿತ್ತು. ನಾನು ಎರಡೂ ತಂಡದವರಿಗೆ ಒಂದು ಹಳೆಯ ಚೆಂಡು ಕೊಟ್ಟು, "ಬಸ್ಸು ಬರೋವರೆಗೂ ಆಡ್ಕಳಿ" ಎಂದೆ. ರೆಫರಿ ಇಲ್ಲ, ಸೀಟಿ ಇಲ್ಲ, ಪಾಯಿಂಟು ಬಾಯಲ್ಲೇ. ಒಂದೂವರೆ ಗಂಟೆ ಆಡಿದರು. ಏಳನೆಯವನೂ ಆಡಿದ.

ಫೈನಲ್‌ನಲ್ಲಿ ಪೇಟೆಯ ಶಾಲೆಯೇ ಗೆದ್ದಿತು. ನ್ಯಾಯವಾಗಿಯೇ ಗೆದ್ದಿತು. ಗೆಳೆಯ ಟ್ರೋಫಿ ಹಿಡಿದು ವ್ಯಾನು ಹತ್ತುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಆ ಆಕಾಶದ ಸರ್ವಿಸ್ ತಗೋಳೋದು ನಾಳೆಯಿಂದ ಅಭ್ಯಾಸ ಮಾಡಿಸ್ಬೇಕು" ಎಂದ. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಎರಡು ಸಲ ಪಂದ್ಯಾವಳಿ ನಮ್ಮ ಶಾಲೆಗೆ ಬಂದಿದೆ. ಈಗ ಬೆಳಿಗ್ಗೆಯ ಸಭೆಯಲ್ಲೇ ಒಂದು ಮಾತು ಸೇರಿಸುತ್ತೇನೆ: ಮಧ್ಯಾಹ್ನ ಎರಡರ ನಂತರ ಎರಡನೇ ಕೋರ್ಟು ಮೊದಲ ಸುತ್ತಿನಲ್ಲಿ ಸೋತವರಿಗೆ. ಇದು ಯಾವ ಸುತ್ತೋಲೆಯಲ್ಲೂ ಇಲ್ಲ, ಇದಕ್ಕೆ ಖರ್ಚೂ ಇಲ್ಲ. ವರದಿಯಲ್ಲಿ ಒಟ್ಟು ಪಂದ್ಯಗಳು 12 ಎಂದೇ ಬರೆದು ಕಳಿಸುತ್ತೇನೆ.