ದಿಂಬಂ ತಿರುವುಗಳಾಚೆ ಒಂದು ಹಳೆಯ ಕಾರು

ಚಾಮರಾಜನಗರದ ಕಡೆಯವರು ಕೊಯಮತ್ತೂರಿಗೆ ಹೋಗುವುದು ಸಾಮಾನ್ಯವಾಗಿ ಆಸ್ಪತ್ರೆಗೆ, ಪಂಪ್‌ಸೆಟ್ಟಿಗೆ ಇಲ್ಲವೇ ಮದುವೆಯ ಬಟ್ಟೆಗೆ. ಕಳೆದ ದಸರಾ ರಜೆಯಲ್ಲಿ ನಾನು ಹೋದದ್ದು ಈ ಮೂರಕ್ಕೂ ಅಲ್ಲ. ನನ್ನ ಅಕ್ಕನ ಮಗನಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬೇಕಾಗಿತ್ತು. ಮನೆಮಂದಿಯೆಲ್ಲ ಕೂತು ನಂಜನಗೂಡಿಗೆ ಹೋಗಿಬರುವ ಸಾಧುಪ್ರಾಣಿಯಲ್ಲ, ಓಡುವ ಕಾರು. ಹುಡುಗರ ಭಾಷೆಯಲ್ಲಿ ‘ಪರ್ಫಾರ್ಮೆನ್ಸ್ ಕಾರು’. ಮೈಸೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ, ಊಟ ತಿಂಡಿಗೂ ಲೆಕ್ಕ ಹಾಕಿ, ಆರು ಲಕ್ಷ ಕೂಡಿಟ್ಟಿದ್ದ.

ಹಿಂದಿನ ದಿನ ಸಂಜೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದಳು: “ನೀ ಜೊತೇಲಿ ಹೋಗು. ನೀ ಸೈನ್ಸ್ ಮೇಷ್ಟ್ರು, ನಿನ್ನ ಮಾತು ಕೇಳ್ತಾನೆ. ಏನಾರ ಒಂದು ಕುಂದು ಹೇಳಿ, ಬ್ಯಾಡ ಅನ್ನಿಸಿ ಕರ್ಕಂಡು ಬಾ.”

ಅವಳ ಭಯಕ್ಕೆ ಕಾರಣವಿತ್ತು. ಭಾವ ತೀರಿಕೊಂಡದ್ದು ರಸ್ತೆಯಲ್ಲಿ. ಅವರು ಗಾಡಿಯಲ್ಲಿ ಹೋಗುತ್ತಿರಲಿಲ್ಲ, ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ಬಂದ ಕಾರಿನವನು ಬ್ರೇಕು ಒತ್ತಿದ್ದನಂತೆ. ಕಾರು ನಿಲ್ಲಲಿಲ್ಲ. ಆಗ ಹುಡುಗ ಒಂಬತ್ತನೇ ತರಗತಿ.

ಹೀಗೆ ಸೋದರಳಿಯನಿಗೆ ಸಲಹೆಗಾರನೂ ಅಕ್ಕನಿಗೆ ಗೂಢಚಾರನೂ ಆಗಿ ನಾನು ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಪುಣಜನೂರಿನ ಗೇಟಿನಲ್ಲಿ ತರಕಾರಿ ವ್ಯಾನುಗಳ ಸಾಲು. ಮುಂದಿನದು ಸತ್ಯಮಂಗಲದ ಹುಲಿ ಸಂರಕ್ಷಿತ ಅರಣ್ಯ. 2022ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶವಾದ ಮೇಲೆ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಕಾರಪಳ್ಳಂ ಚೆಕ್‌ಪೋಸ್ಟಿನ ಹತ್ತಿರ ಆನೆಗಳು ಕಬ್ಬಿನ ಲಾರಿಗಾಗಿ ಕಾಯುತ್ತವೆ. ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಸಂಗತಿ. ಅಂದು ಆನೆ ಕಾಣಲಿಲ್ಲ, ರಸ್ತೆಯ ಮೇಲೆ ಅಗಿದು ಬಿಟ್ಟ ಕಬ್ಬಿನ ಸಿಪ್ಪೆ ಮಾತ್ರ ಇತ್ತು. ರಾಜ್ಯದ ಗಡಿ ದಾಟಿದರೂ ಬಸ್ಸಿನೊಳಗಿನ ಮಾತು ಬದಲಾಗುವುದಿಲ್ಲ. ತಾಳವಾಡಿ, ಹಾಸನೂರು ಸೀಮೆಯ ಹಳ್ಳಿಗಳ ಮನೆಮಾತು ಕನ್ನಡವೇ. ಡಾ. ರಾಜಕುಮಾರ್ ಅವರ ಗಾಜನೂರೂ ಈ ತಾಳವಾಡಿ ಸೀಮೆಯದೇ.

ಹಾಸನೂರು ದಾಟಿದರೆ ದಿಂಬಂ. ಅಲ್ಲಿಂದ ಬಣ್ಣಾರಿಗೆ ಇಳಿಯುವಾಗ 27 ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ನಂಬರಿನ ಹಲಗೆ ಇದೆ. ನಮ್ಮ ಚಾಲಕರು ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಹಾಕಿದರು. ಎಂಜಿನ್ ಗೊಣಗುತ್ತಾ ಬಸ್ಸನ್ನು ಹಿಡಿದುಕೊಂಡಿತು. ಬ್ರೇಕಿನ ಮೇಲೆ ಅವರ ಕಾಲು ತಿರುವಿನಲ್ಲಿ ಮಾತ್ರ ಬೀಳುತ್ತಿತ್ತು. ಒಂಬತ್ತನೇ ತರಗತಿಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಜನ, ಸಾಮಾನು ಸೇರಿ 1,300 ಕಿಲೋ ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 5 ಲಕ್ಷ ಜೂಲ್. ಅದೇ ಕಾರು ಘಟ್ಟದಲ್ಲಿ ಬರೀ 100 ಮೀಟರ್ ಎತ್ತರ ಇಳಿದರೆ ಕಳೆದುಕೊಳ್ಳಬೇಕಾದ ಪ್ರಚ್ಛನ್ನ ಶಕ್ತಿ 12 ಲಕ್ಷ ಜೂಲಿಗೂ ಹೆಚ್ಚು. ಎಂಜಿನ್ನು ಹಿಡಿಯದೆ ಹೋದರೆ ಅಷ್ಟೂ ಶಕ್ತಿ ಬ್ರೇಕಿನಲ್ಲಿ ಶಾಖವಾಗಬೇಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ಕುದಿದರೆ ಆವಿಯ ಗುಳ್ಳೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆ ದ್ರವವನ್ನು ಬದಲಿಸಬೇಕೆನ್ನುವುದು ಇದಕ್ಕೇ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. “ಮಾವ, ಪಾಠ ಶುರು ಮಾಡಿದ್ರಾ?” ಎಂದು ನಕ್ಕ. ಕಿಟಕಿಯಿಂದ ತಲೆ ಹಾಕಿ ಅವನು ತಿರುವುಗಳನ್ನು ನೋಡುತ್ತಿದ್ದ ರೀತಿಯೇ ಬೇರೆ. ನನಗೆ ಕಂದಕ ಕಾಣುತ್ತಿತ್ತು, ಅವನಿಗೆ ರಸ್ತೆ.

ಸತ್ಯಮಂಗಲದ ಭವಾನಿ ನದಿ, ಮಲ್ಲಿಗೆ ತೋಟಗಳನ್ನು ದಾಟಿ ಪುಂಜೈ ಪುಳಿಯಂಪಟ್ಟಿಗೆ ಬಂದಾಗ ಬಸ್ಸು ನಿಂತೇಬಿಟ್ಟಿತು. ಅಂದು ದನದ ಸಂತೆ. ಹಗ್ಗ ಹಿಡಿದವರು, ಟೆಂಪೋಗಳು, ಸಗಣಿಯ ವಾಸನೆ. ನನಗೆ ನಮ್ಮ ತಂದೆಯ ಜೊತೆ ಮುಡುಕುತೊರೆ ಜಾತ್ರೆಗೆ ಹೋದದ್ದು ನೆನಪಾಯಿತು. ತಂದೆಗೆ ಚುರುಕಾದ ಹಳ್ಳಿಕಾರ್ ಎತ್ತಿನ ಮೇಲೆ ಆಸೆ. ಕೈಯಲ್ಲಿ ಮಧ್ಯಮ ದರ್ಜೆಯ ಹಣ. ಅವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುವರು: ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ. ಆಮೇಲೆ ಹೆಗಲ ಮೇಲೆ ಕೈಯಾಡಿಸಿ ನೊಗದ ಗಾಯ ಹುಡುಕುವರು. ನಡೆಸುವರು, ತಿರುಗಿಸುವರು. ಕೊನೆಗೆ ಮಾರುವವನನ್ನು ಬಿಟ್ಟು ಅವನ ಪಕ್ಕದಲ್ಲಿ ನಿಂತ ಆಳನ್ನು ಮಾತಾಡಿಸುವರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಆಗುವುದು ಇಷ್ಟೆಲ್ಲ ಆದ ಮೇಲೆ. ಅಂದು ಮಧ್ಯಾಹ್ನ ನಾನು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಬೆಂಗಳೂರು ಬಿಟ್ಟು ಕೊಯಮತ್ತೂರೇ ಏಕೆ ಎಂದು ಪೋಷಕರು ಕೇಳಬಹುದು. ನಾನೂ ಕೇಳಿದ್ದೆ. ಜಿ.ಡಿ. ನಾಯ್ಡು ಅವರ ಊರು ಇದು. ಗಿರಣಿ, ಫೌಂಡ್ರಿ, ಪಂಪುಗಳ ಊರು. ಯಂತ್ರದ ಭಾಗ ಬೇಕೆಂದರೆ ತಾನೇ ಕಡೆದು ಮಾಡಿಕೊಳ್ಳುವ ಊರು. ಇಲ್ಲಿನ ಎಸ್. ಕರಿವರ್ಧನ್ ಮಾರುತಿ ಎಂಜಿನ್ ಇಟ್ಟು ‘ಫಾರ್ಮುಲಾ ಮಾರುತಿ’ ರೇಸ್ ಕಾರು ಕಟ್ಟಿದರು. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳಯಂನ ರೇಸ್ ಟ್ರ್ಯಾಕಿಗೆ ಅವರದೇ ಹೆಸರು. 2005ರಲ್ಲಿ ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಈ ಊರಿನವರು. 2018ರಲ್ಲಿ ಟಾಟಾದವರು ಟಿಯಾಗೊ ಕಾರಿನ ವೇಗದ ಅವತಾರ ತಂದದ್ದು ಇಲ್ಲಿನ ಜಯೆಮ್ ಸಂಸ್ಥೆಯ ಜೊತೆ ಸೇರಿ. ಹೀಗಾಗಿ ಓಡುವ ಕಾರುಗಳೂ ಅವನ್ನು ಬಲ್ಲ ಮೆಕ್ಯಾನಿಕ್‌ಗಳೂ ಇಲ್ಲಿ ಹೆಚ್ಚು. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಟ್ರ್ಯಾಕಿನಲ್ಲಿ ದಣಿದ ಕಾರುಗಳೂ ಇಲ್ಲೇ ಮಾರಾಟಕ್ಕೆ ಬರಬಹುದು.

ಹುಡುಗನ ಕನಸು ಅಬಾರ್ಥ್ ಪುಂಟೊ. 2015ರಲ್ಲಿ ಬಂದದ್ದು, 145 ಅಶ್ವಶಕ್ತಿ. ಅದನ್ನು ನಾನು ಬಸ್ಸಿನಲ್ಲೇ ತಳ್ಳಿಹಾಕಿದ್ದೆ. ಫಿಯೆಟ್ ಹೆಸರಿನ ಕಾರುಗಳ ಮಾರಾಟ ನಮ್ಮ ದೇಶದಲ್ಲಿ ನಿಂತುಹೋಗಿದೆ. ಒಂದು ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಲು ಇನ್ನೊಂದು ಕಾರಿರುವ ಶ್ರೀಮಂತನಿಗೆ ಅದು ಸರಿ. ಇರುವುದೊಂದೇ ಎಂಬುವನಿಗೆ ಅಲ್ಲ. ಉಳಿದದ್ದು ಎರಡು.

ಮೊದಲನೆಯದು ಅವಿನಾಶಿ ರಸ್ತೆಯ ಕಡೆ ಒಬ್ಬ ವ್ಯಾಪಾರಿಯ ಅಂಗಳದಲ್ಲಿತ್ತು. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 1.2 ಲೀಟರ್ ಟರ್ಬೊ ಎಂಜಿನ್, 105 ಅಶ್ವಶಕ್ತಿ, ಎರಡು ಕ್ಲಚ್ಚಿನ ಏಳು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆ. ಕೆಂಪು ಬಣ್ಣ, ಕನ್ನಡಿಯಂತೆ ಹೊಳಪು. ಹುಡುಗನ ಕಣ್ಣು ಅಲ್ಲೇ ನಿಂತಿತು. ನಾನು ಬಾನೆಟ್ಟಿನ ಮೇಲೆ ಕೈಯಿಟ್ಟೆ, ಬೆಚ್ಚಗಿತ್ತು. ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲಿ ಹೇಳಿಸಿದ್ದೆ. ತಣ್ಣನೆಯ ಎಂಜಿನ್ನು ಎದ್ದೇಳುವಾಗ ಕೆಮ್ಮುತ್ತದೆಯೇ, ನೀಲಿ ಹೊಗೆ ಬಿಡುತ್ತದೆಯೇ ಎಂಬುದು ಟರ್ಬೊ ಕಾರಿನಲ್ಲಿ ಮುಖ್ಯ. ಹೊರಹೋಗುವ ಹೊಗೆಯ ರಭಸದಿಂದ ಒಂದು ಪುಟ್ಟ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವುದೇ ಟರ್ಬೊ. ಅದರ ಜೀವ ಇರುವುದು ಶುದ್ಧವಾದ ಎಣ್ಣೆಯಲ್ಲಿ. ಎಣ್ಣೆ ಸೋರಿ ಉರಿದರೆ ನೀಲಿ ಹೊಗೆ. ಬೆಚ್ಚಗಿನ ಎಂಜಿನ್ನು ಇದನ್ನು ಮುಚ್ಚಿಡಬಲ್ಲದು.

ಮೀಟರಿನಲ್ಲಿ 48,000 ಕಿ.ಮೀ. ಸ್ಟೀರಿಂಗಿನ ಚರ್ಮ ಮಾತ್ರ ಅಜ್ಜನ ಊರುಗೋಲಿನಂತೆ ನುಣುಪು. ಬ್ರೇಕ್ ಪೆಡಲಿನ ರಬ್ಬರು ಒಂದು ಮೂಲೆಯಲ್ಲಿ ಸವೆದು ಕಬ್ಬಿಣ ಇಣುಕುತ್ತಿತ್ತು. ಕಾರಿಗೂ ಹಲ್ಲುಗಳಿವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ. ಬಾಗಿಲ ಗಾಜುಗಳ ಮೂಲೆಯಲ್ಲೂ ತಯಾರಾದ ವರ್ಷದ ಗುರುತಿರುತ್ತದೆ. ಈ ಕಾರಿನ ಮೂರು ಗಾಜುಗಳು ಒಂದು ವಯಸ್ಸಿನವು, ಹಿಂದಿನ ಬಲಬಾಗಿಲಿನದು ಮೂರು ವರ್ಷ ಕಿರಿಯದು. ಅದೇ ಬಾಗಿಲಿನ ಕೀಲಿನ ಬೋಲ್ಟುಗಳಲ್ಲಿ ಸ್ಪ್ಯಾನರ್ ಆಡಿದ ಗುರುತು. ವ್ಯಾಪಾರಿಯನ್ನು ಕೇಳಿದರೆ “ಸಣ್ಣ ಉಜ್ಜು ಸಾರ್” ಎಂದರು. ವಿಮೆಯ ಕ್ಲೇಮಿನ ಕಾಗದ ಕೇಳಿದೆ. ನಾಳೆ ಕಳಿಸುತ್ತೇವೆಂದರು.

ಆದರೂ ಓಡಿಸಿ ನೋಡಿದೆವು. ವೇಗಕ್ಕೆ ಹೋಗಲು ನಾನು ಬಿಡಲಿಲ್ಲ. ಇಂಥ ಒಣ ಕ್ಲಚ್ಚಿನ ಪೆಟ್ಟಿಗೆಯನ್ನು ಪರೀಕ್ಷಿಸಬೇಕಾದದ್ದು ಆಮೆಯ ನಡಿಗೆಯಲ್ಲಿ, ಸಿಗ್ನಲ್ಲಿನ ದಟ್ಟಣೆಯಲ್ಲಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಮೈ ನಡುಗಿತು, ಒಂದಲ್ಲ, ಆರು ಸಲ. ಇನ್ನು ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿ ಟರ್ಬೊದ ಒತ್ತಡ ಏರಿಸುವ ‘ರೀಮ್ಯಾಪ್’ ಎಂಬುದೊಂದಿದೆ. ಮಾರುವ ಮೊದಲು ಅದನ್ನು ಮತ್ತೆ ಹಳೆಯದಕ್ಕೆ ತಿರುಗಿಸಿಬಿಟ್ಟರೆ ಬರಿಗಣ್ಣಿಗೆ ಕಾಣದು. ಡ್ಯಾಶ್‌ಬೋರ್ಡಿನ ಪಕ್ಕದಲ್ಲಿ ಯಾವುದೋ ಮೀಟರು ಕೂರಿಸಿ ತೆಗೆದ ಎರಡು ರಂಧ್ರ ಮಾತ್ರ ಇಲ್ಲಿ ಉಳಿದಿತ್ತು.

ಹುಡುಗ ಮಾತಾಡಲಿಲ್ಲ. ಹೋಟೆಲಿನಲ್ಲಿ ಅನ್ನವನ್ನು ಹಾಗೇ ಕಲಸುತ್ತಿದ್ದ. ಅಕ್ಕ ಹೇಳಿದ ಕೆಲಸ ಅಲ್ಲಿಗೆ ಮುಗಿದಿತ್ತು. “ಬಾ, ಮೂರರ ಬಸ್ಸಿಗೆ ಹೋಗೋಣ” ಎಂದಿದ್ದರೆ ಬರುತ್ತಿದ್ದನೋ ಏನೋ. ನಾನು ಹಾಗೆನ್ನಲಿಲ್ಲ. ಇಲ್ಲದ ಕುಂದನ್ನು ಹುಡುಕುವ ತಾಪತ್ರಯವನ್ನು ಆ ಕಾರು ತಪ್ಪಿಸಿತ್ತು. ಎರಡನೆಯದರಲ್ಲಿ ಕುಂದಿಲ್ಲದಿದ್ದರೆ ಸುಳ್ಳು ಹೇಳಬೇಕಾಗುತ್ತದಲ್ಲ ಎಂಬ ಯೋಚನೆ ನನ್ನದು. ಅವನು ಎಂಟನೇ ತರಗತಿಯಿಂದ ನನ್ನಿಂದ ಭೌತಶಾಸ್ತ್ರ ಕಲಿತವನು.

ಎರಡನೆಯದು ಸಿಂಗಾನಲ್ಲೂರಿನ ಕಡೆ ಒಂದು ಮನೆಯಲ್ಲಿತ್ತು. ಮಾಲೀಕರು ನಮ್ಮನ್ನು ಕನ್ನಡದಲ್ಲೇ ಕರೆದರು! ಕೊಯಮತ್ತೂರಿನ ದೇವಾಂಗ ನೇಕಾರರ ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಕೊಂಡ ಕನ್ನಡ. ಕೇಳಲು ಹಳೆಯ ನಾಣ್ಯದಂತೆ. ಕಾರು 2018ರ ಬಲೆನೊ ಆರ್‌ಎಸ್. ನೋಡಲು ಬೀದಿಬೀದಿಯಲ್ಲಿರುವ ಬಲೆನೊ, ಒಳಗೆ ಒಂದು ಲೀಟರಿನ ಟರ್ಬೊ ಎಂಜಿನ್, 102 ಅಶ್ವಶಕ್ತಿ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. 2017ರಿಂದ 2020ರವರೆಗೆ ಮಾತ್ರ ಮಾರಾಟದಲ್ಲಿತ್ತು. ಕೈಯಿಂದ ಹಾಕುವ ಗೇರು. ಬಾನೆಟ್ಟು ತಣ್ಣಗಿತ್ತು. ಅವರು ಒಂದು ಕಡತ ತಂದಿಟ್ಟರು. ಮೊದಲ ಸರ್ವಿಸಿನಿಂದ ಎಲ್ಲ ಬಿಲ್ಲುಗಳೂ ದಿನಾಂಕದ ಕ್ರಮದಲ್ಲಿ. ಮಗು ಹುಟ್ಟಿದೆ, ತಾಯಿಗೆ ಮಂಡಿ ನೋವು, ಎತ್ತರದ ಕಾರು ಬೇಕು ಎಂದರು. ಅವರ ತಾಯಿ ಬಾಗಿಲಲ್ಲೇ ಕೂತಿದ್ದರು. ತಂದೆ ಸಂತೆಯಲ್ಲಿ ಆಳನ್ನು ಮಾತಾಡಿಸುತ್ತಿದ್ದಂತೆ ನಾನು ಆ ತಾಯಿಯನ್ನು ಮಾತಾಡಿಸಿದೆ. “ಮನೆ ಮುಂದೆ ಬಂದ್ಮ್ಯಾಲೂ ಒಂದು ನಿಮಿಷ ಇಂಜಿನ್ ಆರ್ಸಲ್ಲ ಇವ್ನು, ಸದ್ದು ಅಂತ ಬೈತೀನಿ” ಎಂದರು. ಟರ್ಬೊ ತಣಿಯಲೆಂದು ಬಲ್ಲವರು ಹಾಗೆ ಮಾಡುತ್ತಾರೆ. ಅಜ್ಜಿಯ ಆ ಬೈಗುಳ ಕಡತದಷ್ಟೇ ಬೆಲೆಯ ಪುರಾವೆ.

ಕುಂದುಗಳಿರಲಿಲ್ಲವೆಂದಲ್ಲ. ಟೈರುಗಳಲ್ಲಿ ಎಳೆಯಿದ್ದರೂ ಆರು ವರ್ಷ ದಾಟಿ ರಬ್ಬರು ಗಟ್ಟಿಯಾಗಿತ್ತು. ಮುಂದಿನ ಡಿಸ್ಕುಗಳ ಅಂಚಿನಲ್ಲಿ ಬೆರಳಿಗೆ ತಾಗುವ ದಿಬ್ಬ. ಬ್ರೇಕಿನ ದ್ರವ ಬದಲಿಸಿದ ಬಿಲ್ಲು ಕಡತದಲ್ಲಿರಲಿಲ್ಲ. ಕೇಳಿದರೆ, ಬದಲಿಸಿಲ್ಲ ಎಂದು ಅವರೇ ಒಪ್ಪಿಕೊಂಡರು.

ಊರ ಹೊರಗಿನ ಖಾಲಿ ರಸ್ತೆಯಲ್ಲಿ ಹುಡುಗ ಓಡಿಸಿದ, ನಾನು ಪಕ್ಕದಲ್ಲಿ. ಅರವತ್ತರ ವೇಗದಿಂದ ಸ್ಟೀರಿಂಗನ್ನು ಹಗುರವಾಗಿ ಹಿಡಿದು ಬ್ರೇಕು ಒತ್ತಿಸಿದೆ. ಕಾರು ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಮೂರು ಸಲ ಮಾಡಿಸಿದೆ. ಆಮೇಲೆ “ಈಗ ನಿನ್ನಿಷ್ಟ” ಎಂದೆ. ಮೂರನೇ ಗೇರಿನಲ್ಲಿ ಟರ್ಬೊ ಎದ್ದಿತು, ನನ್ನ ಬೆನ್ನು ಸೀಟಿಗೆ ಒತ್ತಿತು. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ನ್ಯೂಟನ್ನನ ಎರಡನೇ ನಿಯಮ ಬೆನ್ನಿಗೆ ತಿಳಿದದ್ದು ಅಂದೇ. ಸುಳ್ಳೇಕೆ, ಸಂತೋಷವಾಯಿತು. ದೂರದಲ್ಲಿ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗಿತ್ತು. ಮುದುಕನನ್ನು ದಾಟುವಾಗ ಮುಳ್ಳು ಮೂವತ್ತರಲ್ಲಿತ್ತು. ದಾಟಿದ ಮೇಲೂ ಸ್ವಲ್ಪ ದೂರ ಅವನು ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ.

ಐದು ಲಕ್ಷ ಹತ್ತು ಸಾವಿರ ಕೇಳಿದ್ದವರು ಟೈರು, ಡಿಸ್ಕಿನ ಲೆಕ್ಕ ತೋರಿಸಿದ ಮೇಲೆ ನಾಲ್ಕು ಲಕ್ಷ ಅರವತ್ತೈದಕ್ಕೆ ಒಪ್ಪಿದರು. ಆರು ಲಕ್ಷವಿದ್ದರೆ ಆರು ಲಕ್ಷದ ಕಾರು ಕೊಳ್ಳಬಾರದು. ಬೇರೆ ರಾಜ್ಯದ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಮರುನೋಂದಣಿ ಆಗಬೇಕು. ಅದಕ್ಕೆ ಅಲ್ಲಿನ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನು ಕಾರಿನ ವಯಸ್ಸಿಗೆ ತಕ್ಕಂತೆ ಮತ್ತೆ ಕಟ್ಟಬೇಕು. ಸಾಲವಿದ್ದರೆ ಬ್ಯಾಂಕಿನ ತೀರುವಳಿ ಪತ್ರ. ಆರ್‌ಸಿಯಲ್ಲಿನ ಚಾಸಿಸ್ ನಂಬರು ಕಾರಿನ ಮೇಲೆ ಕೊರೆದದ್ದಕ್ಕೆ ಹೊಂದಬೇಕು. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಅವನ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಹತ್ತು ಸಾವಿರ ಮುಂಗಡ ಕೊಟ್ಟು ರಸೀದಿ ಪಡೆದು, ಕಾಗದ ಆದ ಮೇಲೆ ಬರುತ್ತೇವೆಂದು ಹೊರಟೆವು.

ಕತ್ತಲಾಗುವಾಗ ಬಸ್ಸು ಬಣ್ಣಾರಿ ದಾಟಿ ಘಟ್ಟ ಹತ್ತತೊಡಗಿತು. ಹುಡುಗ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಅಷ್ಟರಲ್ಲಿ ಅಕ್ಕನ ಫೋನು.

“ಬ್ಯಾಡ ಅಂದ್ನಾ?”

“ಇಲ್ಲ ಅಕ್ಕ. ತಗೊಳ್ಳೋಕೆ ನಾನೇ ಹೇಳ್ದೆ. ನಾಲ್ಕು ಹೊಸ ಟೈರು, ಮುಂದಿನ ಬ್ರೇಕು ಪೂರ್ತಿ ಹೊಸದು ಹಾಕಿಸಿದ ಮೇಲೇನೆ ಮನೆಗೆ ತರೋದು ಅಂತ ಮಾತಾಗಿದೆ.”

ಆ ಕಡೆ ಬಹಳ ಹೊತ್ತು ಮಾತಿಲ್ಲ. ಸಿಗ್ನಲ್ ಹೋಯಿತೇನೋ ಎಂದುಕೊಂಡೆ. ಬಸ್ಸು ಇನ್ನೊಂದು ತಿರುವು ತಿರುಗಿತು.

“ಎಷ್ಟೊತ್ತಿಗೆ ಬತ್ತೀರಿ? ಇಬ್ಬರಿಗೂ ಅನ್ನ ಇಡ್ಲಾ?” ಎಂದಳು.