ಓಮದ ಎಣ್ಣೆ

ಮಂಡ್ಯದ ಸೀಮೆಯ ಮನೆಗಳಲ್ಲಿ ಹಿತ್ತಲಿನ ತುಲಸಿ, ದೊಡ್ಡಪತ್ರೆಗಳೂ ಅಡುಗೆಮನೆಯ ಓಮ, ಲವಂಗಗಳೂ ವೈದ್ಯನು ಬರುವುದಕ್ಕೆ ಮುಂಚಿನ ವೈದ್ಯರು. ಮಳವಳ್ಳಿಯ ನಮ್ಮ ಸೋದರತ್ತೆಯವರಿಗೆ ಇವುಗಳಲ್ಲಿರುವ ನಂಬಿಕೆ ಅಪಾರವಾದುದು. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ; ಅದಕ್ಕೆ ಆಧಾರವುಂಟು.

ಸುಗಂಧವುಳ್ಳ ಸಸ್ಯಗಳನ್ನು ಹಬೆಯಲ್ಲಿ ಭಟ್ಟಿಯಿಳಿಸಿದರೆ ಎಣ್ಣೆಯು ಹಬೆಯೊಡನೆ ಬಂದು, ತಣ್ಣಗಾದ ಮೇಲೆ ನೀರಿನಿಂದ ಬೇರೆಯಾಗಿ ನಿಲ್ಲುತ್ತದೆ. ಓಮದ ಎಣ್ಣೆಯಲ್ಲಿರುವುದು ಥೈಮಾಲ್, ಲವಂಗದಲ್ಲಿ ಯೂಜೆನಾಲ್, ಮಜ್ಜಿಗೆಹುಲ್ಲಿನಲ್ಲಿ ಸಿಟ್ರಾಲ್. ಸೂಕ್ಷ್ಮಜೀವಿಯ ಮೈಯನ್ನು ಸುತ್ತಿರುವ ತೆಳುಪೊರೆಯಲ್ಲಿ ಕೊಬ್ಬಿನ ಅಂಶವಿರುವುದರಿಂದ ಇವು ಅದರಲ್ಲಿ ಬೆರೆತು ಅದನ್ನು ಸಡಿಲಿಸುತ್ತವೆ. ಒಳಗಿನ ಸಾರವು ಸೋರಿ ಜೀವಿಯು ಸಾಯುತ್ತದೆ. ೧೯೧೪ರ ಯುದ್ಧಕ್ಕೆ ಮುಂಚೆ ನಮ್ಮ ದೇಶದ ಓಮವು ಜರ್ಮನಿಗೆ ಹೋಗಿ ಥೈಮಾಲ್ ಆಗುತ್ತಿತ್ತು. ಕೊಕ್ಕೆಹುಳುವಿನ ರೋಗಕ್ಕೆ ಆಗ ಅದೇ ಔಷಧ. ಶ್ರೀಗಂಧದ ಕಥೆಯೂ ಇಂಥದೇ. ಯುದ್ಧದಿಂದ ಮರದ ಮಾರಾಟವು ಕೆಟ್ಟಾಗ ಮೈಸೂರು ಸರ್ಕಾರದವರು ೧೯೧೬ರಲ್ಲಿ ನಾಡಿನಲ್ಲಿಯೇ ಎಣ್ಣೆ ತೆಗೆಯಲಾರಂಭಿಸಿದರು. ಇಂದು ಸಾಬೂನಿನ ಪರಿಮಳವೆಂದೇ ನಾವು ಬಲ್ಲ ಆ ಎಣ್ಣೆಯನ್ನು, ಪೆನ್ಸಿಲಿನ್ ಬರುವ ಮುಂಚೆ, ಮೂತ್ರನಾಳದ ಸೋಂಕುಗಳಿಗೆ ಒಳಮದ್ದಾಗಿ ಕೊಡುತ್ತಿದ್ದರು.

ಕಳೆದ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ಅತ್ತೆಯವರ ಗದ್ದೆಯ ಕೆಲಸದವನೊಬ್ಬನ ಅಂಗಾಲಿಗೆ ಕಬ್ಬಿನ ಕೂಳೆ ನಾಟಿತು. ಹೊರಗೆ ಗಾಯ ಕಿರಿದು, ಒಳಗೆ ಆಳ. ಅತ್ತೆಯವರು ಓಮದ ಎಣ್ಣೆ ಸವರಿ ಬಟ್ಟೆ ಕಟ್ಟಿದ್ದರು. ಆಸ್ಪತ್ರೆಗೆ ಹೋಗೋಣವೆಂದರೆ, “ಇದಕ್ಕೆ ಕ್ರಿಮಿ ಸಾಯುತ್ತದೆಂದು ನಿಮ್ಮ ಪುಸ್ತಕದವರೇ ಹೇಳುತ್ತಾರಂತಲ್ಲಪ್ಪ?” ಎಂದು ಕೇಳಿದರು. ಹೇಳುವುದು ನಿಜ. ಆದರೆ ಪರೀಕ್ಷೆಯ ಗಾಜಿನ ತಟ್ಟೆಯಲ್ಲಿ ಎಣ್ಣೆಯೂ ಕ್ರಿಮಿಯೂ ಎದುರುಬದುರಾಗಿರುತ್ತವೆ, ಅಂಗಾಲಿನಲ್ಲಿ ಹಾಗಲ್ಲ. ಧನುರ್ವಾಯುವಿನ ಕ್ರಿಮಿಯು ಗಟ್ಟಿಯಾದ ಕವಚ ತೊಟ್ಟು ಮಣ್ಣಿನಲ್ಲಿ ಬೀಜದಂತೆ ವರ್ಷಗಟ್ಟಲೆ ಮಲಗಿದ್ದು, ಗಾಳಿಯಾಡದ ಆಳವಾದ ಗಾಯದಲ್ಲಿ ಚಿಗುರಿ ವಿಷ ಕಾರುತ್ತದೆ. ಮೇಲೆ ಸವರಿದ ಎಣ್ಣೆ ಅಲ್ಲಿಗೆ ಮುಟ್ಟದು. ಕಟ್ಟು ಬಿಚ್ಚಿಸಿ, ಸಾಬೂನು ನೀರಿನಿಂದ ತೊಳೆಸಿ, ಆ ಸಂಜೆಯೇ ಅವನನ್ನು ಕರೆದೊಯ್ದೆವು. ವೈದ್ಯರು ಒಳಗೆ ಮುರಿದು ನಿಂತಿದ್ದ ಚೂರನ್ನು ತೆಗೆದು ಚುಚ್ಚುಮದ್ದು ಹಾಕಿದರು. ಅತ್ತೆಯವರು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಅವನು ನೆಟ್ಟಗೆ ನಡೆದುಬಂದ ಮೇಲೆ ಸಮಾಧಾನಗೊಂಡರು.

ಕೂಸುಗಳಿರುವ ಮನೆಯಲ್ಲಿ ಭಯ ಬೇರೆಯದು. ನೀಲಗಿರಿ ಎಣ್ಣೆಯಾಗಲಿ ಕರ್ಪೂರವಾಗಲಿ ಸ್ವಲ್ಪವೇ ಹೊಟ್ಟೆಗೆ ಹೋದರೂ ಮಗುವಿಗೆ ಸೆಳವು ಬರಬಹುದು. ಮದ್ದೂರಿನಲ್ಲಿ ಮಗಳ ಬಾಣಂತನಕ್ಕೆ ಹೋದಾಗ ತೊಟ್ಟಿಲ ಬಳಿಯ ಗೂಡಿನಲ್ಲಿದ್ದ ಸೀಸೆಗಳೆಲ್ಲವನ್ನೂ ಅಟ್ಟಕ್ಕೆ ಏರಿಸಿದೆ. ಬಾಣಂತಿಯ ಓಮದ ಕಷಾಯಕ್ಕೆ ಮಾತ್ರ ಅಡ್ಡಿ ಹೇಳಲಿಲ್ಲ.